ಆರುತ್ತಿರುವ ಬೆಳಕನ್ನು ವಾರಗಟ್ಟಲೆ ಅಳೆಯುವುದೇಕೆ?

ಪ್ರಶ್ನೆ: ಗಾಮಾ ಕಿರಣ ಸ್ಫೋಟವೊಂದು ಪತ್ತೆಯಾದ ಕೂಡಲೆ ಜಗತ್ತಿನ ಹತ್ತಾರು ದೂರದರ್ಶಕಗಳು ಆ ಕಡೆ ತಿರುಗುತ್ತವೆ ಎಂದು ಓದಿದ್ದೇನೆ. ವೀಕ್ಷಕರು ಪರಸ್ಪರ ಕಳಿಸಿಕೊಳ್ಳುವ ಕಿರುವರದಿಗಳ ಮಾದರಿಯನ್ನೂ ನೋಡಿದೆ. ಒಬ್ಬರು ಸ್ಫೋಟವಾದ 3 ಗಂಟೆಗೆ ‘ಕಾಂತಿಮಾನ 17.4’ ಎನ್ನುತ್ತಾರೆ, ಇನ್ನೊಬ್ಬರು 27 ಗಂಟೆಗೆ ‘19.6’ ಎನ್ನುತ್ತಾರೆ, ಮತ್ತೊಬ್ಬರು 51 ಗಂಟೆಗೆ ‘ಏನೂ ಕಾಣಲಿಲ್ಲ, 21ಕ್ಕಿಂತ ಮಂಕು’ ಎಂದು ಮುಗಿಸುತ್ತಾರೆ. ಹೇಗೂ ಆರಿಹೋಗುವ ಬೆಳಕು; ದೊಡ್ಡ ದೂರದರ್ಶಕದಿಂದ ಒಂದು ಒಳ್ಳೆಯ ಚಿತ್ರವನ್ನೂ ಒಂದು ರೋಹಿತವನ್ನೂ ಪಡೆದರೆ ಸಾಲದೆ? ವಾರಗಟ್ಟಲೆ ಬೆನ್ನು ಹತ್ತುವುದರಿಂದ ಸಿಗುವುದೇನು? ನನ್ನ ಬಳಿ 8 ಇಂಚಿನ ದೂರದರ್ಶಕವೂ ಒಂದು ಕ್ಯಾಮೆರಾವೂ ಇವೆ. ನನ್ನಂಥ ಹವ್ಯಾಸಿಗೆ ಇದರಲ್ಲಿ ಏನಾದರೂ ಕೆಲಸವಿದೆಯೆ? – ಓದುಗರೊಬ್ಬರು, ಧಾರವಾಡ

ಉತ್ತರ: ಒಂದು ಚಿತ್ರದಿಂದ ಸ್ಫೋಟ ಆಕಾಶದಲ್ಲಿ ಎಲ್ಲಾಯಿತೆಂದು ಗೊತ್ತಾಗುತ್ತದೆ, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಒಂದು ರೋಹಿತದಿಂದ ಅದು ಎಷ್ಟು ದೂರದ್ದೆಂದು ಗೊತ್ತಾಗುತ್ತದೆ. ಅಲ್ಲಿಯ ತನಕ ನಿಮ್ಮ ಮಾತು ಸರಿ. ಆದರೆ ಹೊರಬಿದ್ದ ಶಕ್ತಿ ನಿಜಕ್ಕೂ ಎಷ್ಟು, ಅದು ಎಲ್ಲ ದಿಕ್ಕಿಗೂ ಹರಡಿತೋ ಕಿರಿದಾದ ಜೆಟ್ ಆಗಿ ಒಂದೇ ಕಡೆ ಚಿಮ್ಮಿತೋ, ಸುತ್ತಲಿನ ಜಾಗ ಹೇಗಿತ್ತು, ಸತ್ತದ್ದು ಒಂಟಿ ನಕ್ಷತ್ರವೋ ಡಿಕ್ಕಿ ಹೊಡೆದ ಜೋಡಿಯೋ ಎಂಬ ಪ್ರಶ್ನೆಗಳಿಗೆ ಉತ್ತರ ಅಡಗಿರುವುದು ಆ ಬೆಳಕು ಯಾವ ಗತಿಯಲ್ಲಿ, ಯಾವ ಬಣ್ಣದಲ್ಲಿ, ಎಲ್ಲೆಲ್ಲಿ ತಿರುವು ಪಡೆದು ಕುಂದಿತು ಎಂಬುದರಲ್ಲಿ. ನೀವು ಉದಾಹರಿಸಿದ ಮೂರು ವರದಿಗಳನ್ನೇ ಹಿಡಿದು ಇದನ್ನು ತೋರಿಸಬಹುದು. ಆ ಮೂರರಲ್ಲಿ ಹೆಚ್ಚು ಸುದ್ದಿ ಇರುವುದು ‘ಏನೂ ಕಾಣಲಿಲ್ಲ’ ಎಂಬ ವರದಿಯಲ್ಲಿಯೇ.

ನಾವು ನೋಡುತ್ತಿರುವುದು ಏನನ್ನು ಎಂಬುದನ್ನು ಮೊದಲು ಬಿಡಿಸಿಕೊಳ್ಳೋಣ. ಗಾಮಾ ಕಿರಣಗಳ ಮಿಂಚು ಸಾಮಾನ್ಯವಾಗಿ ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷಗಳಷ್ಟು ಹೊತ್ತು ಇರುತ್ತದೆ. ಆ ಕಿರಣಗಳು ವಾಯುಮಂಡಲವನ್ನು ದಾಟಿ ಬರುವುದಿಲ್ಲವಾದ್ದರಿಂದ ಅವನ್ನು ಹಿಡಿಯುವುದು ಉಪಗ್ರಹಗಳ ಪಾಲಿನ ಕೆಲಸ. ಸ್ಫೋಟದ ಒಡಲಿನಿಂದ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲೇ ಚಿಮ್ಮಿದ ದ್ರವ್ಯ ಸುತ್ತಲಿನ ತೆಳು ಅನಿಲಕ್ಕೆ ಬಡಿದಾಗ ಅಲ್ಲೊಂದು ಆಘಾತದ ಅಲೆ ಏಳುತ್ತದೆ. ಆ ಅಲೆಯಲ್ಲಿ ಸಿಕ್ಕಿ ವೇಗ ಪಡೆದ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುತ್ತುತ್ತ ಸಿಂಕ್ರೊಟ್ರಾನ್ ವಿಕಿರಣವನ್ನು ಸೂಸುತ್ತವೆ. ಎಕ್ಸ್ ಕಿರಣದಿಂದ ಹಿಡಿದು ರೇಡಿಯೊ ತನಕ ಹರಡಿದ ಈ ಬೆಳಕನ್ನು ಖಗೋಳಜ್ಞರು ಆಫ್ಟರ್‌ಗ್ಲೋ ಎನ್ನುತ್ತಾರೆ. ನಾನಿಲ್ಲಿ ಉಳಿಬೆಳಕು ಎಂದು ಕರೆಯುತ್ತೇನೆ. ಅಲೆ ದಾರಿಯಲ್ಲಿ ಸಿಕ್ಕ ಅನಿಲವನ್ನೆಲ್ಲ ಗುಡಿಸಿಕೊಂಡು ಮುಂದೆ ಹೋದಷ್ಟೂ ಅದರ ವೇಗ ತಗ್ಗುತ್ತದೆ, ಬೆಳಕೂ ತಗ್ಗುತ್ತದೆ.

ಈ ಉಳಿಬೆಳಕು ಸಿಕ್ಕಿದ್ದೇ ಅದು ಕುಂದಿದ್ದರಿಂದ. ಅಮೆರಿಕದ ವೆಲಾ ಉಪಗ್ರಹಗಳು 1967ರಲ್ಲಿಯೇ ಗಾಮಾ ಕಿರಣ ಸ್ಫೋಟವನ್ನು ದಾಖಲಿಸಿದ್ದವು, ಅದು 1973ರಲ್ಲಿ ಪ್ರಕಟವಾಯಿತು. ಆದರೂ ಸ್ಫೋಟಗಳು ನಮ್ಮ ಗೆಲಾಕ್ಸಿಯೊಳಗಿನವೋ ಹೊರಗಿನವೋ ಎಂಬುದು ಮತ್ತೆ ಎರಡು ದಶಕ ಇತ್ಯರ್ಥವಾಗಲಿಲ್ಲ, ಏಕೆಂದರೆ ಗಾಮಾ ಕಿರಣದ ಉಪಕರಣಗಳು ದಿಕ್ಕನ್ನು ತೀರ ಒರಟಾಗಿ ಮಾತ್ರ ಹೇಳಬಲ್ಲವಾಗಿದ್ದವು. 1997ರ ಫೆಬ್ರುವರಿ 28ರಂದು ಬೆಪ್ಪೊಸ್ಯಾಕ್ಸ್ ಉಪಗ್ರಹ ಒಂದು ಸ್ಫೋಟದ ಎಕ್ಸ್ ಕಿರಣದ ಉಳಿಬೆಳಕನ್ನು ಗುರುತಿಸಿತು. ಅದೇ ರಾತ್ರಿ ಲಾ ಪಾಲ್ಮಾ ದ್ವೀಪದ ದೂರದರ್ಶಕದಿಂದ ಆ ಜಾಗದ ಚಿತ್ರ ತೆಗೆದವರಿಗೆ ಅದರಲ್ಲಿ ಎಷ್ಟೋ ಮಸುಕು ಚುಕ್ಕೆಗಳು ಕಂಡವು. ಯಾವುದು ಸ್ಫೋಟದ್ದು ಎಂದು ಹೇಳಲು ದಾರಿಯೇ ಇರಲಿಲ್ಲ. ಮಾರ್ಚ್ 8ರಂದು ಮತ್ತೆ ಅದೇ ಜಾಗದ ಚಿತ್ರ ತೆಗೆದು ಹೋಲಿಸಿದಾಗ, ಮೊದಲ ಸಲ ಸುಮಾರು 21ನೆಯ ಕಾಂತಿಮಾನದಲ್ಲಿದ್ದ ಒಂದು ಚುಕ್ಕೆ ಮಾಯವಾಗಿತ್ತು. ಹಾಗೆ ಮಾಯವಾದದ್ದೇ ಸಾಕ್ಷಿಯಾಯಿತು. ಅದೇ ವರ್ಷ ಮೇ 8ರ ಸ್ಫೋಟದ ಉಳಿಬೆಳಕಿನ ರೋಹಿತವನ್ನು ಹವಾಯಿಯ ಕೆಕ್ ದೂರದರ್ಶಕದಿಂದ ಪಡೆದಾಗ ಕೆಂಪುಪಲ್ಲಟ (ಬೆಳಕಿನ ಬಣ್ಣ ಕೆಂಪಿನತ್ತ ಸರಿದ ಪ್ರಮಾಣ; ಅದು ಹೆಚ್ಚಿದಷ್ಟೂ ವಸ್ತು ದೂರ) 0.835ಕ್ಕೆ ಕಡಿಮೆಯಿಲ್ಲ ಎಂದು ತಿಳಿದು, ಸ್ಫೋಟಗಳು ಕೋಟ್ಯಂತರ ಜ್ಯೋತಿರ್ವರ್ಷಗಳಾಚೆಯವು ಎಂಬುದು ಖಚಿತವಾಯಿತು. ಆ ಅಳತೆ ಮಾಡಿದ ಕ್ಯಾಲ್‌ಟೆಕ್ ತಂಡದಲ್ಲಿ ಹುಬ್ಬಳ್ಳಿಯಲ್ಲಿ ಶಾಲೆ ಓದಿದ ಶ್ರೀನಿವಾಸ ಕುಲಕರ್ಣಿ ಅವರೂ ಇದ್ದರು ಎಂಬುದನ್ನು ನಿಮ್ಮ ಊರಿನ ನೆರೆಯವರೆಂಬ ಕಾರಣಕ್ಕೆ ಇಲ್ಲಿ ಸೇರಿಸುತ್ತಿದ್ದೇನೆ.

ಇನ್ನು ನಿಮ್ಮ ಮೂರು ವರದಿಗಳು. ಉಳಿಬೆಳಕಿನ ಕಾಲವನ್ನು ಗಂಟೆಗಳ ವ್ಯತ್ಯಾಸದಿಂದಲ್ಲ, ಅನುಪಾತದಿಂದ ಲೆಕ್ಕ ಹಾಕಬೇಕು. ಅದರ ಹೊಳಪು ಸ್ಫೋಟದಿಂದ ಕಳೆದ ಸಮಯದ ಒಂದು ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ಆ ಘಾತವನ್ನು ಆಲ್ಫಾ ಎಂದು ಕರೆಯುವುದು ರೂಢಿ. ಆಲ್ಫಾ 1 ಆಗಿದ್ದರೆ ಸಮಯ ಹತ್ತು ಪಟ್ಟಾದಾಗ ಹೊಳಪು ಹತ್ತರಲ್ಲೊಂದಾಗುತ್ತದೆ, ಎಂದರೆ ಕಾಂತಿಮಾನ 2.5ರಷ್ಟು ಏರುತ್ತದೆ. (ಕಾಂತಿಮಾನದ ಸಂಖ್ಯೆ ದೊಡ್ಡದಾದಷ್ಟೂ ವಸ್ತು ಮಂಕು ಎಂಬುದು ನಿಮಗೆ ಗೊತ್ತೇ ಇದೆ.) ಆರನೆಯ ನಿಮಿಷದಿಂದ ಅರುವತ್ತನೆಯ ನಿಮಿಷದೊಳಗೆ ಆಗುವಷ್ಟೇ ಬದಲಾವಣೆ ಒಂದನೆಯ ದಿನದಿಂದ ಹತ್ತನೆಯ ದಿನದೊಳಗೆ ಆಗುತ್ತದೆ. ಆದ್ದರಿಂದಲೇ ವೀಕ್ಷಕರು ಮೊದಲ ಗಂಟೆಯಲ್ಲಿ ನಿಮಿಷಕ್ಕೊಂದು ಚಿತ್ರ ತೆಗೆಯಲು ಹೆಣಗುತ್ತಾರೆ, ಎರಡನೆಯ ವಾರದಲ್ಲಿ ಎರಡು ಮೂರು ದಿನಕ್ಕೊಂದು ಅಳತೆ ಸಿಕ್ಕರೆ ತೃಪ್ತರಾಗುತ್ತಾರೆ.

3 ಗಂಟೆಗೆ 17.4, 27 ಗಂಟೆಗೆ 19.6. ಸಮಯ ಒಂಬತ್ತು ಪಟ್ಟಾಗಿದೆ, ಕಾಂತಿಮಾನ 2.2ರಷ್ಟು ಏರಿದೆ, ಲೆಕ್ಕ ಹಾಕಿದರೆ ಆಲ್ಫಾ ಸುಮಾರು 0.9. ಇದೇ ಗತಿ ಮುಂದುವರಿದಿದ್ದರೆ 51ನೆಯ ಗಂಟೆಗೆ ಕಾಂತಿಮಾನ ಸುಮಾರು 20.2 ಇರಬೇಕಿತ್ತು. ಮೂರನೆಯ ವೀಕ್ಷಕರ ಚಿತ್ರದಲ್ಲಿ 21ನೆಯ ಕಾಂತಿಮಾನದ ತನಕ ಎಲ್ಲವೂ ಕಾಣಬೇಕು, ಆದರೆ ಅದು ಕಾಣಲಿಲ್ಲ. ಹಾಗಿದ್ದರೆ 27ರಿಂದ 51ನೆಯ ಗಂಟೆಯೊಳಗೆ ಆಲ್ಫಾ ಸರಾಸರಿ 2ಕ್ಕೆ ಕಡಿಮೆ ಇರಲಾರದು. ಇಳಿಜಾರು ನಡುವೆಲ್ಲೋ ಮುರಿದು ಕಡಿದಾಗಿದೆ. ಬರಿಗೈಯಲ್ಲಿ ಬಂದಂತೆ ತೋರುವ ಆ ಒಂದು ಸಾಲಿನ ವರದಿ ಹೇಳುತ್ತಿರುವುದು ಇಷ್ಟನ್ನು. ಈ ಉದಾಹರಣೆಯಲ್ಲಿ ಅದು ಬಹುಶಃ ಜೆಟ್‌ನ ಅಗಲದ ಸುಳಿವು.

ಜೆಟ್‌ನ ಅಗಲ ಇಳಿಜಾರಿನ ಮುರಿವಿನಲ್ಲಿ ಗೊತ್ತಾಗುವುದು ಹೀಗೆ. ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ನಮ್ಮತ್ತ ಬರುವ ವಸ್ತು ತನ್ನ ಬೆಳಕನ್ನು ಮುಂದಕ್ಕೆ ಕಿರಿದಾದ ಕೋನದೊಳಗೆ ಚೆಲ್ಲುತ್ತದೆ. ಆರಂಭದಲ್ಲಿ ವೇಗ ಎಷ್ಟಿರುತ್ತದೆಂದರೆ ಜೆಟ್‌ನ ಮೈಯಲ್ಲಿ ನಮಗೆ ನೇರವಾಗಿರುವ ಒಂದು ಸಣ್ಣ ತುಣುಕಿನ ಬೆಳಕು ಮಾತ್ರ ನಮ್ಮನ್ನು ಮುಟ್ಟುತ್ತದೆ. ವೇಗ ತಗ್ಗಿದಂತೆ ಕೋನ ಹಿಗ್ಗಿ ಅಕ್ಕಪಕ್ಕದ ಭಾಗವೂ ನೋಟದೊಳಕ್ಕೆ ಬರುವುದರಿಂದ ಬೆಳಕು ಕುಂದುವುದು ಸ್ವಲ್ಪ ನಿಧಾನವಾಗುತ್ತದೆ. ಒಂದು ಹಂತದಲ್ಲಿ ಜೆಟ್‌ನ ಅಂಚೇ ಕಾಣುತ್ತದೆ. ಅದರಾಚೆ ನೋಟಕ್ಕೆ ಸೇರಲು ಹೊಸದೇನೂ ಉಳಿದಿರುವುದಿಲ್ಲ. ಅಲ್ಲಿಂದ ಮುಂದೆ ಎಲ್ಲ ಬಣ್ಣಗಳಲ್ಲೂ ಒಟ್ಟಿಗೆ ಕುಸಿತ ಶುರುವಾಗುತ್ತದೆ. ಮುರಿವು ಬೇಗ ಬಂದರೆ ಜೆಟ್ ಕಿರಿದು, ತಡವಾಗಿ ಬಂದರೆ ಅಗಲ. 1999ರ ಮೇ 10ರ ಸ್ಫೋಟದಲ್ಲಿ ಇದು ಪಠ್ಯಪುಸ್ತಕದಂತೆ ಕಂಡಿತು: ಮೊದಲ ದಿನ ಆಲ್ಫಾ ಸುಮಾರು 0.8, ಒಂದು ದಿನ ಕಳೆದ ಮೇಲೆ 2.2ರ ಸಮೀಪ.

ಈ ಒಂದು ಕೋನ ತಿಳಿದರೆ ಸ್ಫೋಟದ ಲೆಕ್ಕಪತ್ರವೇ ಬದಲಾಗುತ್ತದೆ. ಎಲ್ಲ ದಿಕ್ಕಿಗೂ ಸಮನಾಗಿ ಹರಡಿತೆಂದು ಭಾವಿಸಿ ಹಾಕಿದ ಶಕ್ತಿಯ ಮೊತ್ತವು, ಜೆಟ್‌ನ ಅರೆಕೋನ 5 ಡಿಗ್ರಿಯಾದರೆ, ಸುಮಾರು 260ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಷ್ಟೇ ಅಲ್ಲ, ನಮ್ಮತ್ತ ತಿರುಗದೆ ಹೋದದ್ದರಿಂದ ನಮಗೆ ಕಾಣದೆ ಉಳಿದ ಸ್ಫೋಟಗಳು ಕಂಡ ಒಂದೊಂದಕ್ಕೂ ಇನ್ನೂರೈವತ್ತಕ್ಕೂ ಹೆಚ್ಚು ಇರಬೇಕೆಂದಾಗುತ್ತದೆ. ಒಂದು ಚಿತ್ರ, ಒಂದು ರೋಹಿತ ಪಡೆದು ನಿಲ್ಲಿಸಿದವರಿಗೆ ಈ ಸಂಖ್ಯೆ ಎಂದೂ ಸಿಗುವುದಿಲ್ಲ. ನಿಜ ಹೇಳಬೇಕೆಂದರೆ ಇಷ್ಟು ಸ್ವಚ್ಛವಾದ ಮುರಿವು ಸಿಗುವುದು ಅಪರೂಪ. 2004ರಲ್ಲಿ ಹಾರಿದ ಸ್ವಿಫ್ಟ್ ಉಪಗ್ರಹ ನೂರಾರು ಸ್ಫೋಟಗಳ ಎಕ್ಸ್ ಕಿರಣದ ಹೊಳಪು ಕಾಲಕ್ರಮದಲ್ಲಿ ಬದಲಾದ ರೇಖೆಗಳನ್ನು ಕೊಟ್ಟ ಮೇಲೆ, ಮೊದಲು ಕಡಿದಾದ ಇಳಿತ, ಆಮೇಲೆ ಗಂಟೆಗಟ್ಟಲೆ ಸಮತಟ್ಟು, ಆಮೇಲೆ ಮತ್ತೆ ಇಳಿತ ಎಂಬ ಬೇರೆಯದೇ ಚಹರೆ ಕಂಡಿತು. ನಿರೀಕ್ಷಿಸಿದ ಜೆಟ್ ಮುರಿವು ಎಷ್ಟೋ ಸ್ಫೋಟಗಳಲ್ಲಿ ಕಾಣಲೇ ಇಲ್ಲ. ಮುರಿವು ಕಂಡ ಕೂಡಲೆ ಜೆಟ್‌ನ ಕೋನ ಬರೆದುಬಿಡುವ ಆತುರ ಇಂದು ಕಡಿಮೆಯಾಗಿದ್ದರೆ ಅದು ಒಳ್ಳೆಯದೇ.

ಬಣ್ಣವನ್ನು ಜೊತೆಗೆ ಅಳೆದರೆ ಇನ್ನೊಂದು ಬಾಗಿಲು ತೆರೆಯುತ್ತದೆ. ಆವರ್ತನ ಹೆಚ್ಚಿದಂತೆ ಹೊಳಪು ಇಳಿಯುವ ಘಾತವನ್ನು ಬೀಟಾ ಎನ್ನೋಣ. ಆಘಾತದ ಅಲೆಯ ಸರಳ ಸಿದ್ಧಾಂತದ ಪ್ರಕಾರ ಆಲ್ಫಾ, ಬೀಟಾಗಳು ಒಂದಕ್ಕೊಂದು ಕಟ್ಟುಬಿದ್ದಿವೆ, ಮತ್ತು ಆ ಕಟ್ಟು ಸುತ್ತಲಿನ ಅನಿಲದ ಹಂಚಿಕೆಯ ಮೇಲೆ ನಿಂತಿದೆ. ಬೀಟಾ 0.7 ಎಂದಿಟ್ಟುಕೊಳ್ಳಿ. ಅನಿಲ ಎಲ್ಲೆಡೆ ಒಂದೇ ಸಾಂದ್ರತೆಯಲ್ಲಿದ್ದರೆ, ನಾವು ನೋಡುವ ಆವರ್ತನದ ಎಲೆಕ್ಟ್ರಾನುಗಳು ಇನ್ನೂ ತಣಿಯದ ಹಂತದಲ್ಲಿ ಆಲ್ಫಾ 1.05 ಇರಬೇಕು, ಸಾಯುವ ಮುನ್ನ ನಕ್ಷತ್ರವೇ ಊದಿದ ಗಾಳಿಯಂತೆ ಕೇಂದ್ರದಿಂದ ದೂರ ಸರಿದಷ್ಟೂ ತೆಳುವಾಗುವ ಅನಿಲವಾದರೆ 1.55 ಇರಬೇಕು. ಎರಡು ಫಿಲ್ಟರುಗಳಲ್ಲಿ ಮೂರು ರಾತ್ರಿ ಎಚ್ಚರದಿಂದ ಅಳೆದರೆ ಈ ಎರಡನ್ನು ಬೇರ್ಪಡಿಸಬಹುದು. ಯಾರೂ ಎಂದೂ ಹತ್ತಿರ ಹೋಗಲಾರದ ಒಂದು ನಕ್ಷತ್ರದ ಸುತ್ತಲಿನ ಅನಿಲದ ಹಂಚಿಕೆ ಹೀಗೆ ಗೊತ್ತಾಗುವುದು ನನಗೆ ಈಗಲೂ ಸೋಜಿಗವೇ.

ಇಷ್ಟೆಲ್ಲ ಸಿದ್ಧಾಂತ ಒಂದೇ ಸ್ಫೋಟದಲ್ಲಿ ಹೇಗೆ ಕೈಗೆ ಬಂತು, ಹೇಗೆ ಕೈಕೊಟ್ಟಿತು ಎಂಬುದಕ್ಕೆ 2003ರ ಮಾರ್ಚ್ 29ರ ಸ್ಫೋಟಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ಹೀಟಿ-2 ಎಂಬ ಉಪಗ್ರಹ ಅದನ್ನು ಹಿಡಿದಾಗ ಭಾರತದಲ್ಲಿ ಸಂಜೆ 5 ಗಂಟೆ 7 ನಿಮಿಷ, ಬಿಸಿಲು ಇನ್ನೂ ಇತ್ತು. ಜಾಗ ಸಿಂಹ ರಾಶಿಯಲ್ಲಿ, ಎಂದರೆ ಆ ತಿಂಗಳಲ್ಲಿ ಸಂಜೆಯಿಂದಲೇ ಎತ್ತರದಲ್ಲಿ ಕಾಣುವಂಥದ್ದು. ಯುಗಾದಿ ಅಮಾವಾಸ್ಯೆಗೆ ಇನ್ನು ಮೂರೇ ದಿನ ಇದ್ದುದರಿಂದ ಚಂದ್ರನ ಕಾಟವಿಲ್ಲ. ಆಸ್ಟ್ರೇಲಿಯಾದಲ್ಲಿ ಆಗಲೇ ರಾತ್ರಿ. ಸೈಡಿಂಗ್ ಸ್ಪ್ರಿಂಗ್‌ನ 40 ಇಂಚಿನ ದೂರದರ್ಶಕದಿಂದ ಪೀಟರ್ಸನ್ ಮತ್ತು ಪ್ರೈಸ್ ಸುಮಾರು ಒಂದೂವರೆ ಗಂಟೆಯೊಳಗೆ ಉಳಿಬೆಳಕನ್ನು ಪತ್ತೆ ಮಾಡಿದರು, ಜಪಾನಿನಲ್ಲಿ ಟೊರಿಯಿ ಬೇರೆಯಾಗಿಯೇ ಅದನ್ನು ಕಂಡರು. ಕಾಂತಿಮಾನ ಹನ್ನೆರಡೂವರೆಯ ಆಸುಪಾಸಿನಲ್ಲಿತ್ತು. ಅಂಥ ಬೆಳಕನ್ನು ನಿಮ್ಮ 8 ಇಂಚಿನ ದೂರದರ್ಶಕದಲ್ಲಿ ಕತ್ತಲೆಯ ಊರಿನಿಂದ ಕಣ್ಣಿಟ್ಟೇ ನೋಡಬಹುದಿತ್ತು. ರೋಹಿತದಿಂದ ಕೆಂಪುಪಲ್ಲಟ 0.1685 ಎಂದು ತಿಳಿಯಿತು. ಬೆಳಕು ಅಲ್ಲಿಂದ ಹೊರಟು ಸುಮಾರು 200 ಕೋಟಿ ವರ್ಷ. ಗಾಮಾ ಕಿರಣ ಸ್ಫೋಟಗಳ ಲೆಕ್ಕದಲ್ಲಿ ಇದು ಪಕ್ಕದ ಮನೆ.

ಒಂದು ದೇಶದ ಆಕಾಶ ಬೆಳಗಾದಾಗ ಇನ್ನೊಂದು ದೇಶದವರು ಎತ್ತಿಕೊಳ್ಳದೆ ಹೋದರೆ ರೇಖೆಯಲ್ಲಿ ಕಂದಕ ಬೀಳುತ್ತದೆ. ಆಸ್ಟ್ರೇಲಿಯಾ, ಜಪಾನುಗಳಿಗೂ ಯುರೋಪು, ಚಿಲಿಗಳಿಗೂ ನಡುವಿನ ಗಂಟೆಗಳನ್ನು ತುಂಬುವುದು ನಮ್ಮ ರೇಖಾಂಶ. ಈ ಸ್ಫೋಟದ ಬಗ್ಗೆ ಭಾರತೀಯ ಖಗೋಳಜ್ಞರು ಪ್ರಕಟಿಸಿದ ಐದು ಬಣ್ಣಗಳ ಅಳತೆಗಳು ಸ್ಫೋಟದ 3ನೆಯ ಗಂಟೆಗೆ, ಎಂದರೆ ಇಲ್ಲಿ ಕತ್ತಲಾದ ಕೂಡಲೆ ಆರಂಭವಾಗಿ 34ನೆಯ ದಿನದ ತನಕ ಸಾಗುತ್ತವೆ.

ಮೊದಲ ಅರ್ಧ ದಿನ ಎಲ್ಲವೂ ಸಿದ್ಧಾಂತದಂತೆಯೇ ನಡೆಯಿತು: ಆಲ್ಫಾ 0.9ರ ಹತ್ತಿರವಿದ್ದು, ಅರ್ಧ ದಿನದಲ್ಲಿ ಮುರಿದು 2ರ ಹತ್ತಿರಕ್ಕೆ ಹೋಯಿತು. ಅಲ್ಲಿಗೇ ನಿಲ್ಲಿಸಿದ್ದರೆ ‘ಕಿರಿದಾದ ಜೆಟ್’ ಎಂದು ಬರೆದು ಕಡತ ಮುಚ್ಚಬಹುದಿತ್ತು. ಆದರೆ ಎರಡನೆಯ ದಿನ ಬೆಳಕು ಇಳಿಯುವುದನ್ನು ಬಿಟ್ಟು ಮತ್ತೆ ಮೇಲೆದ್ದಿತು. ಮೊದಲ ವಾರದೊಳಗೆ ಇಂಥ ಹಲವು ಉಬ್ಬುಗಳು ಬಂದವು. ಪ್ರತಿ ಉಬ್ಬಿನ ನಂತರ ಬೆಳಕು ಹಿಂದಿನ ಗತಿಯಲ್ಲೇ ಇಳಿದರೂ ಮೆಟ್ಟಿಲು ಒಂದು ಮೇಲೆ ಇರುತ್ತಿತ್ತು. ಮೊದಲು ಹೊರಟ ದ್ರವ್ಯ ನಿಧಾನವಾದ ಮೇಲೆ, ಹಿಂದಿನಿಂದ ಕಡಿಮೆ ವೇಗದಲ್ಲಿ ಹೊರಟಿದ್ದ ಪದರಗಳು ಬಂದು ಸೇರಿಕೊಂಡು ಆಘಾತದ ಅಲೆಗೆ ಹೊಸ ಬಲ ತುಂಬಿದವು ಎಂಬುದು ಇದಕ್ಕೆ ಕೊಟ್ಟ ಒಂದು ವಿವರಣೆ. ರೇಡಿಯೊ ಅಳತೆಗಳು ಬಂದಾಗ ಸುಮಾರು 10ನೆಯ ದಿನ ಇನ್ನೊಂದು ಮುರಿವು ಕಂಡಿತು. ಒಳಗೆ ಸುಮಾರು 5 ಡಿಗ್ರಿಯ ವೇಗದ ಜೆಟ್, ಅದರ ಸುತ್ತ ಸುಮಾರು 17 ಡಿಗ್ರಿಯ ನಿಧಾನದ ಜೆಟ್ ಇದ್ದಿರಬೇಕು, ಶಕ್ತಿಯ ದೊಡ್ಡ ಪಾಲು ಹೊರಗಿನದರಲ್ಲಿ ಇದ್ದಿರಬೇಕು ಎಂದು ಖಗೋಳಜ್ಞ ಬರ್ಗರ್ ಮತ್ತು ಸಂಗಡಿಗರು ವಾದಿಸಿದರು. ದಿನಕ್ಕೊಂದೇ ಅಳತೆ ಮಾಡುವ ಒಂದೇ ವೀಕ್ಷಣಾಲಯದ ಕೈಯಲ್ಲಿ ಈ ಸ್ಫೋಟ ಸಿಕ್ಕಿದ್ದರೆ ಉಬ್ಬುಗಳೆಲ್ಲ ಕಲೆತು ಒಂದು ನಿಧಾನದ ಇಳಿಜಾರಾಗಿ ತೋರುತ್ತಿತ್ತು.

ದೊಡ್ಡ ಫಲ ಬಂದದ್ದು ಅನಂತರ. 1998ರ ಏಪ್ರಿಲ್‌ನಲ್ಲಿ ಒಂದು ಗಾಮಾ ಕಿರಣ ಸ್ಫೋಟದ ಜಾಗದಲ್ಲಿಯೇ ಸೂಪರ್‌ನೋವಾ (ಸಿಡಿದು ಸಾಯುವ ನಕ್ಷತ್ರ) ಒಂದು ಕಂಡಿತ್ತು. ಆದರೆ ಆ ಸ್ಫೋಟ ಎಷ್ಟು ದುರ್ಬಲವಾಗಿತ್ತೆಂದರೆ ಅದನ್ನು ಸಾಮಾನ್ಯ ಸ್ಫೋಟಗಳ ಪ್ರತಿನಿಧಿ ಎನ್ನಲು ಹಲವರು ಒಪ್ಪಲಿಲ್ಲ. ಎರಡೂ ಒಂದೇ ಕಡೆ ಕಂಡದ್ದು ಕಾಕತಾಳೀಯ ಎಂದವರೂ ಇದ್ದರು. 2003ರ ಸ್ಫೋಟದ ರೋಹಿತ ಮೊದಲ ದಿನಗಳಲ್ಲಿ ಬರೀ ನುಣುಪಾಗಿ ಇಳಿಯುವ ಗೆರೆ. ಏಪ್ರಿಲ್ ಮೊದಲ ವಾರ ಮುಗಿಯುತ್ತ ಬಂದಾಗ ಆ ಗೆರೆಯಲ್ಲಿ ಅಗಲವಾದ ದಿಬ್ಬಗಳು ಮೂಡತೊಡಗಿದವು, ಮತ್ತು ಉಳಿಬೆಳಕಿನ ಪಾಲನ್ನು ಕಳೆದು ನೋಡಿದಾಗ ಉಳಿದದ್ದು 1998ರ ಆ ಸೂಪರ್‌ನೋವಾದ ಪಡಿಯಚ್ಚು. 10ನೆಯ ದಿನ ಅದರ ದ್ರವ್ಯ ಸೆಕೆಂಡಿಗೆ ಸುಮಾರು 36,000 ಕಿಲೋಮೀಟರ್ ವೇಗದಲ್ಲಿ ಹೊರಕ್ಕೆ ಧಾವಿಸುತ್ತಿತ್ತು. ದೀರ್ಘಾವಧಿಯ ಗಾಮಾ ಕಿರಣ ಸ್ಫೋಟಗಳು ದೈತ್ಯ ನಕ್ಷತ್ರಗಳ ಸಾವಿನಿಂದ ಹುಟ್ಟುತ್ತವೆ ಎಂಬ ಮಾತಿಗೆ ಗಟ್ಟಿ ಆಧಾರ ಸಿಕ್ಕಿದ್ದು ಆಗ. ಗಮನಿಸಬೇಕಾದ ಸಂಗತಿಯೆಂದರೆ, ಬರೀ ಹೊಳಪಿನ ರೇಖೆಯನ್ನು ನೋಡಿದ್ದರೆ ಈ ಸೂಪರ್‌ನೋವಾ ಎದ್ದು ಕಾಣುತ್ತಿರಲಿಲ್ಲ. ಉಳಿಬೆಳಕು ಅಷ್ಟು ಪ್ರಬಲವಾಗಿತ್ತು. ಹತ್ತು ಹನ್ನೆರಡು ರಾತ್ರಿ ಬಿಡದೆ ರೋಹಿತ ತೆಗೆದವರಿಗೆ ಅದು ದಕ್ಕಿತು.

2022ರ ಅಕ್ಟೋಬರ್ 9ರ ಸ್ಫೋಟದಲ್ಲಿ ಇದೇ ತೊಡಕು ಇನ್ನೂ ದೊಡ್ಡದಾಗಿ ಬಂತು. ದಾಖಲಾದ ಸ್ಫೋಟಗಳಲ್ಲೆಲ್ಲ ಅತ್ಯಂತ ಪ್ರಕಾಶಮಾನವಾದದ್ದು ಅದು, ಕೆಂಪುಪಲ್ಲಟವೂ 0.151 ಮಾತ್ರ, ಆದರೂ ಕ್ಷೀರಪಥದ ಧೂಳಿನ ಹಿಂದೆ ಅಡಗಿದ್ದರಿಂದ ಮೊದಲಿಗೆ ಅದನ್ನು ನಮ್ಮ ಗೆಲಾಕ್ಸಿಯದೇ ಯಾವುದೋ ವಸ್ತು ಎಂದುಕೊಂಡರು, ಸಾಲದ್ದಕ್ಕೆ ಅಂದು ಹುಣ್ಣಿಮೆ. ಅದರ ಸೂಪರ್‌ನೋವಾವನ್ನು ಸ್ಪಷ್ಟವಾಗಿ ಬೇರ್ಪಡಿಸಲು ಜೇಮ್ಸ್ ವೆಬ್ ದೂರದರ್ಶಕ ಸುಮಾರು ಆರು ತಿಂಗಳ ನಂತರ ತೆಗೆದ ರೋಹಿತವೇ ಬೇಕಾಯಿತು.

ಇನ್ನು ಅಳತೆಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಕಿರುವರದಿಯ ಒಂದು ಸಂಖ್ಯೆಯನ್ನು ಎಷ್ಟು ನಂಬಬೇಕು ಎಂಬುದು ಅದರಿಂದಲೇ ತಿಳಿಯುವುದು. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವವರು ಬೆಂಗಳೂರಿನ ಹೊರಗಿನ ಹೊಸಕೋಟೆಯಲ್ಲಿ ಕೂತಿರುತ್ತಾರೆ. ಆದೇಶ ಉಪಗ್ರಹ ಸಂಪರ್ಕದ ಮೂಲಕ ಹೋಗುತ್ತದೆ, ಚಿತ್ರ ಅದೇ ದಾರಿಯಲ್ಲಿ ಬರುತ್ತದೆ. ಸ್ಫೋಟದ ಎಚ್ಚರಿಕೆ ಬಂದರೆ ಅಂದಿನ ರಾತ್ರಿ ಮಂಜೂರಾಗಿದ್ದವರ ಕೆಲಸವನ್ನು ಕೆಲಹೊತ್ತು ತಡೆದು ದೂರದರ್ಶಕವನ್ನು ತಿರುಗಿಸಬೇಕಾಗುತ್ತದೆ. (ತಿಂಗಳುಗಟ್ಟಲೆ ಕಾದು ಪಡೆದ ರಾತ್ರಿಯನ್ನು ಹೀಗೆ ಬಿಟ್ಟುಕೊಡುವವರ ಹೆಸರು ಎಲ್ಲೂ ಬರುವುದಿಲ್ಲ.) ಅದೇ ಹಾನ್ಲೆಯಲ್ಲಿ 2018ರಿಂದ ಕೆಲಸ ಮಾಡುತ್ತಿರುವ 70 ಸೆಂಟಿಮೀಟರಿನ ಗ್ರೋತ್-ಇಂಡಿಯಾ ಸ್ವಯಂಚಾಲಿತ ದೂರದರ್ಶಕ ಇಂಥ ಕ್ಷಣಿಕ ವಸ್ತುಗಳಿಗೆಂದೇ ಇರುವುದು.

20ನೆಯ ಕಾಂತಿಮಾನದ ಚುಕ್ಕೆಗೆ ಐದೈದು ನಿಮಿಷದ ಹಲವು ಚಿತ್ರ ತೆಗೆದು, ಒಂದರ ಮೇಲೊಂದು ಹೊಂದಿಸಿ ಕೂಡಿಸುತ್ತಾರೆ. ಚುಕ್ಕೆಯ ಬೆಳಕನ್ನು ಅದೇ ಚಿತ್ರದೊಳಗಿನ ಕೆಲವು ನಕ್ಷತ್ರಗಳ ಬೆಳಕಿಗೆ ಹೋಲಿಸಿ ಅಳೆಯುತ್ತಾರೆ. ತೆಳುಮೋಡ ಹಾದುಹೋದರೂ ಎರಡನ್ನೂ ಒಂದೇ ಪ್ರಮಾಣದಲ್ಲಿ ಮಬ್ಬು ಮಾಡುವುದರಿಂದ ಹೋಲಿಕೆ ಉಳಿಯುತ್ತದೆ. ತೊಂದರೆ ಇರುವುದು ಆ ಹೋಲಿಕೆಯ ನಕ್ಷತ್ರಗಳ ನಿಜವಾದ ಕಾಂತಿಮಾನ ಎಷ್ಟು ಎಂಬುದರಲ್ಲಿ. ಹಿಂದೆಲ್ಲ ಮೊದಲ ಗಂಟೆಗಳಲ್ಲಿ ಹಳೆಯ ಫೋಟೊ ಫಲಕಗಳಿಂದ ಸಿದ್ಧವಾದ ಪಟ್ಟಿಗಳನ್ನು ಬಳಸುತ್ತಿದ್ದರು, ಅವುಗಳಲ್ಲಿ 0.3 ಕಾಂತಿಮಾನದಷ್ಟು ತಪ್ಪು ಸಾಮಾನ್ಯ. ಒಂದೇ ಗಂಟೆಯಲ್ಲಿ ಇಬ್ಬರು ಕೊಟ್ಟ ಅಂಕಿಗಳು ಹೊಂದದಿದ್ದಾಗ ಉಳಿಬೆಳಕು ಮಿನುಗಿತೆಂದು ಹಿಗ್ಗುವ ಮೊದಲು, ಅವರು ಬಳಸಿದ ಹೋಲಿಕೆಯ ನಕ್ಷತ್ರಗಳು ಒಂದೇ ಆಗಿದ್ದವೆ ಎಂದು ನೋಡಬೇಕು. ಸ್ವಚ್ಛವಾದ ರಾತ್ರಿಯೊಂದರಲ್ಲಿ ಪ್ರಮಾಣಿತ ನಕ್ಷತ್ರಗಳ ನೆರವಿನಿಂದ ಆ ಕ್ಷೇತ್ರವನ್ನು ಯಾರಾದರೂ ಸರಿಯಾಗಿ ಅಳೆದ ಮೇಲೆ ಎಲ್ಲರ ಅಂಕಿಗಳನ್ನೂ ಮತ್ತೆ ತಿದ್ದಲಾಗುತ್ತದೆ. ಕಿರುವರದಿಯ ಅಂಕಿ ಕರಡು ಪ್ರತಿ ಎಂದೇ ತಿಳಿಯಿರಿ.

ಕೊನೆಗೆ ಇನ್ನೊಂದು ಬಲೆ ಇದೆ. ಸ್ಫೋಟ ನಡೆದ ಗೆಲಾಕ್ಸಿಯೇ 22 ಅಥವಾ 23ನೆಯ ಕಾಂತಿಮಾನದ್ದಾಗಿದ್ದರೆ, ಉಳಿಬೆಳಕು ಆ ಮಟ್ಟಕ್ಕೆ ಇಳಿದಾಗ ನಾವು ಅಳೆಯುತ್ತಿರುವುದು ಎರಡರ ಮೊತ್ತವನ್ನು. ರೇಖೆ ಸಮತಟ್ಟಾಗುತ್ತದೆ, ಹೊಸದೇನೋ ಬೆಳಗುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಆದ್ದರಿಂದ ಎಲ್ಲ ಆರಿದ ಎಷ್ಟೋ ತಿಂಗಳ ಮೇಲೆ ಅದೇ ದೂರದರ್ಶಕದಿಂದ, ಅದೇ ಫಿಲ್ಟರಿನಲ್ಲಿ ಮತ್ತೊಂದು ಚಿತ್ರ ತೆಗೆದು ಹಿಂದಿನ ಚಿತ್ರಗಳಿಂದ ಅದನ್ನು ಕಳೆಯಬೇಕು. ಏನೂ ಇಲ್ಲದ ಆಕಾಶಕ್ಕೆ ಸಮಯ ಕೇಳಿದರೆ ಸಮಯ ಹಂಚುವ ಸಮಿತಿಗಳಿಗೆ ಅದು ರುಚಿಸುವುದಿಲ್ಲ, ಆದರೆ ಈ ಕೊನೆಯ ಚಿತ್ರವಿಲ್ಲದೆ ಎರಡನೆಯ ವಾರದ ನಂತರದ ಅಂಕಿಗಳಿಗೆ ಬೆಲೆಯಿಲ್ಲ.

ರೇಡಿಯೊ ಅಲೆಗಳಲ್ಲಿ ಕಥೆಯ ವೇಗವೇ ಬೇರೆ. ಕಡಿಮೆ ಆವರ್ತನದಲ್ಲಿ ಉಳಿಬೆಳಕು ಮೊದಲು ತನ್ನ ಬೆಳಕನ್ನು ತಾನೇ ಹೀರಿಕೊಳ್ಳುತ್ತಿರುತ್ತದೆ, ಹಿಗ್ಗಿದ ಮೇಲೆ ಮಾತ್ರ ಹೊರಬಿಡುತ್ತದೆ; ಕಣ್ಣಿಗೆ ಕಾಣುವ ಬೆಳಕು ಆರಿದ ಮೇಲೂ ರೇಡಿಯೊ ಏರುತ್ತಿರುವುದುಂಟು. ಪುಣೆಯ ಬಳಿಯ ಜಿಎಂಆರ್‌ಟಿ ರೇಡಿಯೊ ದೂರದರ್ಶಕ 2003ರ ಸ್ಫೋಟವನ್ನು 1280 ಮೆಗಾಹರ್ಟ್ಸ್‌ನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿತು. ಖಂಡಗಳಾಚೆಯ ರೇಡಿಯೊ ದೂರದರ್ಶಕಗಳನ್ನು ಜೋಡಿಸಿ ಅದೇ ಸ್ಫೋಟದ ಗಾತ್ರವನ್ನೇ ಅಳೆದಾಗ 25ನೆಯ ದಿನ ಅದು ಆರ್ಕ್ ಸೆಕೆಂಡಿನ (ಡಿಗ್ರಿಯ 3,600ರಲ್ಲೊಂದು ಪಾಲು) ಸಾವಿರದಲ್ಲೊಂದು ಭಾಗದ 0.07ರಷ್ಟೂ 83ನೆಯ ದಿನ 0.17ರಷ್ಟೂ ಇತ್ತು. ನಮ್ಮತ್ತ ಬೆಳಕಿನ ವೇಗದ ಸಮೀಪದಲ್ಲಿ ಬರುವ ವಸ್ತು ಅಡ್ಡಕ್ಕೆ ಬೆಳಕಿಗಿಂತ ವೇಗವಾಗಿ ಹಿಗ್ಗಿದಂತೆ ತೋರುತ್ತದೆ. ಇಲ್ಲಿ ಆ ತೋರಿಕೆಯ ವೇಗ ಬೆಳಕಿನ 3ರಿಂದ 5 ಪಟ್ಟು. ಇದಕ್ಕೂ ಮೊದಲು, 1997ರ ಮೇ ಸ್ಫೋಟದಲ್ಲಿ, ಗಾತ್ರ ಇನ್ನೂ ಜಾಣತನದಿಂದ ಸಿಕ್ಕಿತ್ತು. ಬಿಲ್ಲೆಯಾಗಿರುವ ಗ್ರಹ ಮಿನುಗುವುದಿಲ್ಲ, ಬರೀ ಚುಕ್ಕೆಯಾಗಿರುವ ನಕ್ಷತ್ರ ಮಿನುಗುತ್ತದೆ. ಹಾಗೆಯೇ ಆ ರೇಡಿಯೊ ಮೂಲ ಮೊದಲ ವಾರಗಳಲ್ಲಿ ಅಂತರತಾರಾ ಅನಿಲದಿಂದಾಗಿ ವಿಪರೀತ ಮಿನುಗಿ, ಸುಮಾರು ಒಂದು ತಿಂಗಳಲ್ಲಿ ಶಾಂತವಾಯಿತು. ಅಷ್ಟರಲ್ಲಿ ಅದು ಚುಕ್ಕೆಯಿಂದ ಬಿಲ್ಲೆಯಾಗಿ ಬೆಳೆದಿತ್ತೆಂದು ಅದರಿಂದ ತಿಳಿಯಿತು. ಬಿಟ್ಟು ಬಿಟ್ಟು ನೋಡಿದ್ದರೆ ಆ ಮಿನುಗು ಅಳತೆಯ ದೋಷದಂತೆ ಕಾಣುತ್ತಿತ್ತು.

‘ಏನೂ ಕಾಣಲಿಲ್ಲ’ ಎಂಬುದರ ಬೆಲೆಗೆ ಇನ್ನೊಂದು ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. 2009ರ ಏಪ್ರಿಲ್ 23ರ ಸ್ಫೋಟದ ಉಳಿಬೆಳಕು ಕಣ್ಣಿಗೆ ಕಾಣುವ ಯಾವ ಬಣ್ಣದಲ್ಲೂ ಸಿಗಲಿಲ್ಲ, ಅವಕೆಂಪಿನಲ್ಲಿ ಮಾತ್ರ ಸಿಕ್ಕಿತು. ಕೆಂಪುಪಲ್ಲಟ 8.2 ಆಗಿದ್ದರಿಂದ, ದಾರಿಯ ಹೈಡ್ರೋಜನ್ ನುಂಗಿಹಾಕುವ ನೇರಳಾತೀತ ಭಾಗವೆಲ್ಲ ಸರಿದು ದೃಶ್ಯ ಬೆಳಕಿನ ಸ್ಥಾನಕ್ಕೆ ಬಂದು ಕೂತಿತ್ತು. ವಿಶ್ವಕ್ಕೆ ಇನ್ನೂ 60-65 ಕೋಟಿ ವರ್ಷ ವಯಸ್ಸಾಗಿದ್ದಾಗಿನ ನಕ್ಷತ್ರವೊಂದರ ಸಾವು ಅದು. ಇನ್ನು 2021ರ ಡಿಸೆಂಬರ್ 11ರ ಸ್ಫೋಟ ಸುಮಾರು ಒಂದು ನಿಮಿಷ ನಡೆದದ್ದರಿಂದ ರೂಢಿಯ ಪ್ರಕಾರ ದೈತ್ಯ ನಕ್ಷತ್ರದ್ದಾಗಬೇಕಿತ್ತು. ಆದರೆ ಉತ್ತರಾಖಂಡದ ದೇವಸ್ಥಳದ 3.6 ಮೀಟರಿನ ದೂರದರ್ಶಕವೂ ಸೇರಿದಂತೆ ಹಲವು ಕಡೆ ಹಿಂಬಾಲಿಸಿದಾಗ ಸೂಪರ್‌ನೋವಾ ಬರಲಿಲ್ಲ. ಅದರ ಬದಲು ದಿನದಿಂದ ದಿನಕ್ಕೆ ಬೇಗಬೇಗ ಕೆಂಪಾಗಿ ಆರಿದ ಕಿಲೋನೋವಾದ ಗುರುತು ಕಂಡಿತು, ಎಂದರೆ ಸಾಂದ್ರ ನಕ್ಷತ್ರಗಳ ಡಿಕ್ಕಿ. ಎರಡು ಸೆಕೆಂಡಿಗಿಂತ ದೀರ್ಘವಾದದ್ದೆಲ್ಲ ದೈತ್ಯ ನಕ್ಷತ್ರದ ಸಾವು ಎಂಬ ಹಳೆಯ ವಿಂಗಡಣೆಯಲ್ಲಿ ಅಲ್ಲಿಂದ ಬಿರುಕು ದೊಡ್ಡದಾಯಿತು.

ಕೊನೆಯದಾಗಿ ನಿಮ್ಮ 8 ಇಂಚಿನ ದೂರದರ್ಶಕ. ಊರ ಹೊರಗಿನ ಆಕಾಶದಲ್ಲಿ, ಚಿತ್ರಗಳನ್ನು ಕೂಡಿಸಿ, 16-17ನೆಯ ಕಾಂತಿಮಾನ ಮುಟ್ಟುವುದು ಅದಕ್ಕೆ ಅಸಾಧ್ಯವಲ್ಲ. ಅಷ್ಟು ಪ್ರಕಾಶದ ಉಳಿಬೆಳಕು, ನಮ್ಮ ರಾತ್ರಿಯಲ್ಲಿ, ಮೋಡವಿಲ್ಲದ ಹೊತ್ತಿನಲ್ಲಿ, ಸ್ಫೋಟವಾದ ಮೊದಲ ಗಂಟೆಗಳಲ್ಲಿಯೇ ಸಿಗುವುದು ವಿರಳ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮಳೆಗಾಲದಲ್ಲಂತೂ ಆಸೆ ಇಟ್ಟುಕೊಳ್ಳಬೇಡಿ. ಎಚ್ಚರಿಕೆಗಳು ಇಂಥ ಸುದ್ದಿ ಹಂಚುವ ನಾಸಾದ ಜಿಸಿಎನ್ ಜಾಲದಲ್ಲಿ ಯಾರಿಗಾದರೂ ಉಚಿತವಾಗಿ ಸಿಗುತ್ತವೆ. ಫರ್ಮಿಯಂಥ ಉಪಗ್ರಹ ಕೊಡುವ ಹಲವು ಡಿಗ್ರಿ ಅಗಲದ ಜಾಗದಲ್ಲಿ ಹುಡುಕುವುದು ನಿಮಗೆ ಆಗದ ಕೆಲಸ. ಕೆಲವು ಆರ್ಕ್ ಮಿನಿಟುಗಳೊಳಗೆ ಜಾಗ ಹೇಳುವ ಸ್ವಿಫ್ಟ್‌ನಂಥ ಉಪಗ್ರಹಗಳ ಎಚ್ಚರಿಕೆಗೆ ಮಾತ್ರ ದೂರದರ್ಶಕ ತಿರುಗಿಸಿ. ಸ್ಫೋಟವಾದ ಇಪ್ಪತ್ತನೆಯ ನಿಮಿಷದಲ್ಲಿ ಹತ್ತು ನಿಮಿಷದ ಒಂದೇ ಚಿತ್ರ ತೆಗೆದರೆ ಆ ಹತ್ತು ನಿಮಿಷದಲ್ಲೇ ಬೆಳಕು ಬಹಳ ಇಳಿದಿರುತ್ತದೆ. ಮೂವತ್ತು ಅಥವಾ ಅರುವತ್ತು ಸೆಕೆಂಡಿನ ಬಿಡಿ ಚಿತ್ರಗಳನ್ನು ತೆಗೆದು ಎಲ್ಲವನ್ನೂ ಇಟ್ಟುಕೊಳ್ಳಿ, ಆಮೇಲೆ ಬೇಕಾದಷ್ಟನ್ನು ಕೂಡಿಸಬಹುದು. ಕಂಪ್ಯೂಟರಿನ ಗಡಿಯಾರವನ್ನು ಇಂಟರ್ನೆಟ್ ಸಮಯಕ್ಕೆ ಹೊಂದಿಸಿ, ಪ್ರತಿ ಚಿತ್ರ ತೆಗೆದ ಅವಧಿಯ ನಟ್ಟನಡುವಿನ ಕ್ಷಣವನ್ನು ವಿಶ್ವಸಮಯದಲ್ಲಿ (ಯುಟಿ) ಬರೆಯಿರಿ. ಫಿಲ್ಟರ್ ಹಾಕದೆ ತೆಗೆದದ್ದಾದರೆ ಹಾಗೆಂದೇ ಹೇಳಿ, ಹೋಲಿಕೆಗೆ ಯಾವ ಪಟ್ಟಿಯ ಯಾವ ನಕ್ಷತ್ರಗಳನ್ನು ಬಳಸಿದಿರೆಂಬುದನ್ನೂ ಸೇರಿಸಿ. ಚುಕ್ಕೆ ಕಾಣದೆ ಹೋದರೆ, ನಿಮ್ಮ ಚಿತ್ರದಲ್ಲಿ ನಂಬಿಕೆಯಿಂದ ಗುರುತಿಸಬಹುದಾದ ಅತಿ ಮಂಕು ನಕ್ಷತ್ರದ ಕಾಂತಿಮಾನವನ್ನು ಮಿತಿಯಾಗಿ ಕೊಟ್ಟು ಅದನ್ನೂ ವರದಿ ಮಾಡಿ.